ಜೊಂಡು ತಿನ್ನುವ ರೇಷ್ಮೆಹುಳು

ಬಂಡಳ್ಳಿಯ ಚಿನ್ನಸ್ವಾಮಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಕೊರಗು. ಹೊಲವಿತ್ತು, ಹಿಪ್ಪುನೇರಳೆ ತೋಟವಿತ್ತು, ಹಿತ್ತಿಲಿನಲ್ಲಿ ರೇಷ್ಮೆಹುಳು ಸಾಕುವ ಹುಳುಮನೆಯಿತ್ತು, ಇವೆಲ್ಲವನ್ನೂ ಅವನನ್ನೂ ಸೇರಿಸಿ ನೋಡಿಕೊಳ್ಳುವ ಪುಟ್ಟಗೌರಮ್ಮನೆಂಬ ಹೆಂಡತಿಯಿದ್ದಳು. ಇಲ್ಲದ್ದು ಅಚ್ಚಾದ ಹೆಸರು. ಐವತ್ತು ದಾಟಿದರೂ ಅವನ ಹೆಸರನ್ನು ಯಾರೂ ಯಾವ ಕಾಗದದ ಮೇಲೂ ಮರ್ಯಾದೆಗೆಂದು ಅಚ್ಚು ಹಾಕಿಸಿರಲಿಲ್ಲ. ಕರೆಂಟು ಬಿಲ್ಲಿನ ಮೇಲೆ ಬರುತ್ತಿತ್ತು. ಅದನ್ನು ಯಾರೂ ಮರ್ಯಾದೆ ಎಂದು ಕರೆಯುವುದಿಲ್ಲ.

ಹೋದ ವರ್ಷ ಪುಟ್ಟಗೌರಮ್ಮನ ತಮ್ಮ ಶಾಂತರಾಜು ತನ್ನ ಮಗಳ ಮದುವೆ ಮಾಡಿದ. ಅವನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟವನು. ಲಗ್ನಪತ್ರಿಕೆಗೂ ಸೀರೆಯ ಹಾಗೆ ಜರಿ ಅಂಚು ಹಾಕಿಸಿದ್ದ. ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂಬುದರ ಕೆಳಗೆ ಅಂಗಡಿ ಗುಮಾಸ್ತನ ಹೆಸರಿತ್ತು, ಶಾಮಿಯಾನದವನ ಹೆಸರಿತ್ತು. ಸ್ವಂತ ಅಕ್ಕನ ಗಂಡನ ಹೆಸರಿರಲಿಲ್ಲ. ಚಿನ್ನಸ್ವಾಮಿ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಿಸಿಲಿಗೆ ಹಿಡಿದೂ ನೋಡಿದ. ಕೇಳಿದ್ದಕ್ಕೆ ಶಾಂತರಾಜು ಹಲ್ಲು ಬಿಟ್ಟು, “ಜಾಗ ಸಾಲ್ನಿಲ್ಲ ಬಾವ” ಎಂದ.

ಪತ್ರಿಕೆಯ ಕೆಳಮೂಲೆಯಲ್ಲಿ ಒಂದು ಗಿಣಿ, ಬಾಯಲ್ಲಿ ಮಾವಿನಹಣ್ಣು ಕಚ್ಚಿಕೊಂಡು, ಕಾಲು ಚಾಚಿಕೊಂಡು ಕೂತಿತ್ತು. ಅದಕ್ಕೆ ಜಾಗ ಸಾಲುತ್ತಿತ್ತು. ಅವತ್ತಿನಿಂದ ಚಿನ್ನಸ್ವಾಮಿಗೆ ಗಿಣಿ ಕಂಡರೆ ಆಗುತ್ತಿರಲಿಲ್ಲ.

ಇಂಥವನ ಬಾಳಿಗೆ ಆಶಾರಾಣಿ ಮೇಡಂ ಬಂದದ್ದು ಕೆರೆ ಕೋಡಿಯ ಕೆಸರಿನಲ್ಲಿ. ಯಳಂದೂರಿನಲ್ಲಿ ಗಿಡಗಳನ್ನು ಓದುವವರದೊಂದು ಸಣ್ಣ ಕಚೇರಿಯಿದೆ, ಅವರು ಅಲ್ಲಿಯವರು. ಮುಂಗಾರಿಗೆ ಮೊದಲು ಒಂದು ಬೆಳಗ್ಗೆ ಚಿನ್ನಸ್ವಾಮಿ ಎಮ್ಮೆ ಮೈ ತೊಳೆಯಲು ಹೋದಾಗ ಆಯಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಜೊಂಡು ಹುಲ್ಲನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು.

“ಏನ್ ಕಳ್ಕಂಡ್ರವ್ವ? ಓಲೆಯಾ, ಮೊಬೈಲಾ?” ಎಂದು ದಡದಿಂದಲೇ ಕೂಗಿದ.

“ಏನೂ ಕಳೆದಿಲ್ಲಪ್ಪ. ಜೊಂಡು ನೋಡ್ತಿದೀನಿ.”

“ಜೊಂಡಾ? ಅದು ಕಳ್ದೋದ್ರೆ ಸಾಕು ಅಂತ ನಾವು ವರ್ಸಾ ವರ್ಸಾ ಕುಯ್ದಾಕ್ತೀವಿ. ಓಗಕ್ಕಿಲ್ಲ ಅಂತದ.”

ಆಶಾರಾಣಿ ಮೇಡಂ ದಡಕ್ಕೆ ಬಂದು, ಕಲ್ಲಿನ ಮೇಲೆ ಕೂತು, ಕೆಸರು ಒರೆಸಿಕೊಳ್ಳುತ್ತಾ ವಿವರ ಹೇಳಿದರು. ಕಾಡುಗಿಡಗಳನ್ನು ಒಣಗಿಸಿ, ದಪ್ಪ ಕಾಗದಕ್ಕೆ ದಾರದಲ್ಲಿ ಹೊಲಿದು, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ತಂದರು ಎಂದು ಮೂಲೆಯಲ್ಲಿ ಚೀಟಿ ಅಂಟಿಸಿ, ಬೀರುವಿನಲ್ಲಿ ಇಡುವ ಮನೆಗೆ ಹರ್ಬೇರಿಯಂ ಎನ್ನುತ್ತಾರಂತೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕೆರೆಗಳ ಜೊಂಡನ್ನೆಲ್ಲ ಅವರು ಹಾಗೆ ದಾಖಲು ಮಾಡುತ್ತಿದ್ದರು. ಅಜ್ಜಂದಿರ ಕಾಲದಲ್ಲಿ ಯಾರೋ ಈ ಕಡೆಯಿಂದ ಒಂದು ಬಗೆಯ ಜೊಂಡನ್ನು ಒಯ್ದಿದ್ದರು. ಹಾಳೆ ಇನ್ನೂ ಇದೆ, ಆದರೆ ಚೀಟಿಯಲ್ಲಿ ‘ಹನೂರು ಕಡೆ, ಕೆರೆ ದಂಡೆ’ ಎಂದಷ್ಟೇ ಇದೆ. ಆಮೇಲೆ ಅದನ್ನು ಕಂಡವರಿಲ್ಲ. ಬೇರೆ ಜೊಂಡೆಲ್ಲ ತಲೆಯಲ್ಲಿ ಹೂ ಬಿಟ್ಟರೆ ಇದು ಪಕ್ಕೆಯಲ್ಲಿ ಬಿಡುತ್ತದೆ.

“ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಗ್ಸ್ಕಂಡ ಸೊಸೆ ಅಂಗೆ?”

“ಹಾಂ, ಹಾಗೇ! ನೋಡಿದೀರಾ?”

“ದೀಪಾವಳಿ ಆಸುಪಾಸ್ನಲ್ಲಿ ಈ ಕೋಡಿ ತುಂಬ ಅದೇಯ.”

ಮೇಡಂ ಎದ್ದು ನಿಂತೇಬಿಟ್ಟರು. ಹೂವಿಲ್ಲದೆ ಅದೇ ಎಂದು ಹೇಳುವ ಹಾಗಿಲ್ಲ. ಹೂ ಬಿಟ್ಟಾಗ ಬೇರುಸಮೇತ ಕಿತ್ತು, ಪೇಪರಿನ ನಡುವೆ ಹರಡಿ, ತಾವು ಕೊಟ್ಟುಹೋಗುವ ಎರಡು ಹಲಗೆಗಳ ಮಧ್ಯೆ ಪಟ್ಟಿ ಹಾಕಿ ಬಿಗಿದು, ದಿನವೂ ಪೇಪರು ಬದಲಾಯಿಸಿ, ಬೆಚ್ಚಗಿನ ಜಾಗದಲ್ಲಿ ಒಣಗಿಸಬೇಕು. ತೇವ ತಾಗಿ ಬೂಷ್ಟು ಬಂದರೆ ಮುಗಿಯಿತು. ಸರಿಯಾಗಿ ಒಣಗಿದರೆ ಹಾಳೆ ಅವನ ಹೆಸರಿನಲ್ಲೇ. ‘ಸಂಗ್ರಹಿಸಿದವರು: ಚಿನ್ನಸ್ವಾಮಿ, ಬಂಡಳ್ಳಿ.’ ನೂರು ವರ್ಷ ಹೋದರೂ ಇರುತ್ತದೆ.

“ಅಚ್ಚಾಯ್ತದಾ ಮೇಡಮ್ಮೋರೆ?”

“ಅಚ್ಚಾಗುತ್ತೆ.”

ಆಮೇಲೆ ಅವರು ಇನ್ನೂ ಬಹಳ ಹೇಳಿದರು. ಪಾಪ, ಅದು ಎಮ್ಮೆಗೆ ಕೇಳಿಸಿರಬಹುದು.

ಹಿಂಗಾರಿನಲ್ಲಿ ಕೋಡಿ ತುಂಬಿ, ಜೊಂಡು ಪಕ್ಕೆಯಲ್ಲಿ ಹೂ ಬಿಟ್ಟಿತು. ಚಿನ್ನಸ್ವಾಮಿ ಫೋನು ಮಾಡಿದಾಗ ಮೇಡಂ, “ಒಣಗಿಸ್ತಾ ಇರಿ, ಹಬ್ಬ ಮುಗಿಸಿ ಬರ್ತೀನಿ” ಎಂದರು. ಬೆಚ್ಚಗಿನ ಜಾಗ, ತೇವ ತಾಗಬಾರದು, ದಿನಾ ಪೇಪರು ಬದಲಾಯಿಸಬೇಕು. ಇಷ್ಟು ಕೇಳಿದ ಮೇಲೆ ನಮ್ಮ ಕಡೆಯವನಿಗೆ ಇನ್ನೇನು ತೋಚೀತು? ಆಗಷ್ಟೇ ಗೂಡು ಬಿಡಿಸಿ ಮಾರಿ, ತೊಳೆದು ಸುಣ್ಣ ಬಳಿದ ಹುಳುಮನೆ ಖಾಲಿಯಿತ್ತು. ಹಲಗೆಗಳನ್ನು ಅಲ್ಲಿಗೆ ಒಯ್ದ, ಮೇಲೆ ರುಬ್ಬುಗುಂಡು ಹೇರಿದ. ಒಳಗೆ ಇದ್ದಿಲ ಒಲೆ ಇಟ್ಟ. ಹೊಸಿಲಿಗೆ ಸುಣ್ಣದ ಪುಡಿ ಎಳೆದ. ಇಷ್ಟಾದ ಮೇಲೆ ಅವನ ಕೈಕಾಲು ತಾವಾಗಿಯೇ ಹುಳು ಸಾಕುವ ರೂಢಿಗೆ ಬಿದ್ದವು. ಒಳಗೆ ಹೋಗುವವರು ಕೈಕಾಲು ತೊಳೆಯಬೇಕು, ಚಪ್ಪಲಿ ಹೊರಗೆ ಬಿಡಬೇಕು, ಊದುಬತ್ತಿ ಹಚ್ಚಬಾರದು, ಹೊರಗಿನವರ ಕಣ್ಣು ಬೀಳಬಾರದು.

“ಲೇ ಗೌರಿ, ಒಗ್ಗರಣೆ ಆಕ್ಬೇಡ ಕಣೇ, ಗಾಟು ಒಳಕ್ಕೆ ಓಯ್ತದ.”

ಪುಟ್ಟಗೌರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಅಲ್ಲ ಕಣ್ರಿ, ಉಳುಗಾದ್ರೆ ಗಾಟು ಆಗಕ್ಕಿಲ್ಲ. ಸತ್ತಿರೋ ಉಲ್ಲಿಗೂ ಕೆಮ್ಮು ಬಂದದಾ?”

“ಅದು ಉಲ್ಲಲ್ಲ ಕಣೇ. ದಾಖಲೆ.”

“ದಾಖಲೆಗೆ ಉಪ್ಪೆಸರು ಸಾಕು ಬುಡಿ” ಎಂದು ಒಗ್ಗರಣೆ ಇಲ್ಲದ ಉಪ್ಪೆಸರನ್ನೇ ಮಾಡಿ ಬಡಿಸಿದಳು. ಆದರೂ ದಿನವೂ ಪೇಪರು ಬದಲಾಯಿಸಿದವಳು ಅವಳೇ. ಚಿನ್ನಸ್ವಾಮಿ ಬದಲಾಯಿಸಲು ಕೂತರೆ ಪೇಪರು ಓದುತ್ತಾ ಕೂತುಬಿಡುತ್ತಿದ್ದ.

ಜೊಂಡು ಚೆನ್ನಾಗಿಯೇ ಒಣಗುತ್ತಿತ್ತು. ಅವನಿಗೇ ಸಮಾಧಾನವಿಲ್ಲ. ಹೆಸರು ಕೂರುವ ಹಾಳೆಯಲ್ಲವೇ? ಇದಕ್ಕಿಂತ ನೆಟ್ಟಗಿರುವುದು ಸಿಕ್ಕೀತು, ಇದಕ್ಕಿಂತ ತುಂಬಿದ ಗೊಂಚಲು ಸಿಕ್ಕೀತು ಎಂದು ದಿನವೂ ಒಂದು ಹೊರೆ ಜೊಂಡು ಹೊತ್ತು ತಂದು ಹುಳುಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ.

ಪಕ್ಕದ ಜಮೀನಿನ ಗುರುಪಾದಸ್ವಾಮಿ ಇದನ್ನು ಬೇಲಿಯ ಆಚೆಯಿಂದ ನೋಡುತ್ತಲೇ ಇದ್ದರು. ದೊಡ್ಡ ಹಿಡುವಳಿ, ದೊಡ್ಡ ವಿಭೂತಿ, ದೊಡ್ಡ ಹುಳುಮನೆ ಅವರದು. ಆ ಬೇಲಿಯ ಸುತ್ತಿನಲ್ಲಿ ಅವರಿಗೆ ತಿಳಿಯದೆ ಕೋಳಿ ಕೂಡ ಮೊಟ್ಟೆ ಇಡುತ್ತಿರಲಿಲ್ಲ. ಒಲೆ ಉರಿಯುತ್ತಿದೆ, ಸುಣ್ಣ ಬಿದ್ದಿದೆ, ಪೇಪರು ಬದಲಾಗುತ್ತಿದೆ, ಒಗ್ಗರಣೆ ವಾಸನೆ ನಿಂತಿದೆ. ಅಂದರೆ ಒಳಗೆ ಹುಳು ಇದೆ. ಹಿಪ್ಪುನೇರಳೆ ಸೊಪ್ಪು ಒಂದು ಎಲೆಯೂ ಒಳಕ್ಕೆ ಹೋಗಿಲ್ಲ. ಹೋಗುತ್ತಿರುವುದು ಜೊಂಡು. ಅಂದರೆ? ಜೊಂಡು ತಿನ್ನುವ ಹೊಸ ತಳಿಯ ಹುಳು ಎಂದು ಗುರುಪಾದಸ್ವಾಮಿ ತೀರ್ಮಾನಿಸಿದರು. ಟವೆಲು ಹೆಗಲಿಗೆ ಹಾಕಿಕೊಂಡು ಬಂದೇಬಿಟ್ಟರು.

“ಏನ್ಲಾ ಚಿನ್ನಸ್ವಾಮಿ, ಯಾವ ತಳಿ?”

ಚಿನ್ನಸ್ವಾಮಿ ಬಾಗಿಲಿಗೆ ಅಡ್ಡ ನಿಂತ. “ಒಳಕ್ಕೆ ಬರಂಗಿಲ್ಲ ಸ್ವಾಮ್ಯೋರೆ. ಚಪ್ಲಿ ಆಚ್ಗಡೆ.”

“ಗೊತ್ತು ಕಣ್ಲಾ, ನಾನೂ ಉಳ ಸಾಕಿರೋನೆ. ಎಷ್ಟನೇ ಜ್ವರ?”

ನಮ್ಮ ಕಡೆ ರೇಷ್ಮೆಹುಳು ಪೊರೆ ಬಿಡುವಾಗ ಸೊಪ್ಪು ಬಿಟ್ಟು ಮಲಗುವುದಕ್ಕೆ ಜ್ವರ ಎನ್ನುತ್ತೇವೆ. ಹುಳು ಸಾಕುವವರು ಎದುರಾದರೆ ಮೊದಲು ಕೇಳುವುದೇ ಅದನ್ನು. ‘ಹುಳವೂ ಇಲ್ಲ ಜ್ವರವೂ ಇಲ್ಲ, ಹುಲ್ಲು ಒಣಗಿಸುತ್ತಿದ್ದೇನೆ’ ಎಂದು ಚಿನ್ನಸ್ವಾಮಿ ಅಂದೇ ಬಿಡುತ್ತಿದ್ದ. ಆದರೆ ಗುರುಪಾದಸ್ವಾಮಿ ಈ ಜನ್ಮದಲ್ಲಿ ಮೊದಲ ಸಲ ಅವನ ಬಾಗಿಲಿನಲ್ಲಿ ಚಪ್ಪಲಿ ಕಳಚಿ, ಕೈಕಟ್ಟಿ ನಿಂತಿದ್ದರು. ಹುಲ್ಲೆಂದರೆ ನಕ್ಕು ಹೋಗುತ್ತಾರೆ.

“ಈಗ ಏನೂ ಏಳಂಗಿಲ್ಲ” ಎಂದ. ಸುಳ್ಳಾಗದ ಹಾಗೆ ಇನ್ನೊಂದು ಮಾತು ಸೇರಿಸಿದ: “ಯಳಂದೂರಿಂದ ಮೇಡಮ್ಮೋರು ಬರ್ಬೇಕು. ಸರ್ಯಾಗಿ ಬಂತು ಅಂದ್ರೆ ನೂರು ವರ್ಸ ಕೆಡಕ್ಕಿಲ್ಲ.”

“ನೂರು ವರ್ಸಾ!” ಗುರುಪಾದಸ್ವಾಮಿ ಚಪ್ಪಲಿ ಅಲ್ಲೇ ಮರೆತು ಬರಿಗಾಲಿನಲ್ಲಿ ಹೋದರು.

ಮಾತು ಅವರಿಂದ ಶಿವರತ್ನಮ್ಮನಿಗೆ ತಲುಪಿತು. ಶಿವರತ್ನಮ್ಮ ಹಾಲಿನ ಡೇರಿಯಲ್ಲಿ ಹಾಲು ಅಳೆಯುವವಳು. ಹಾಲಿಗೆ ನೀರು ಬೆರೆಸಲು ಯಾರಿಗೂ ಬಿಡುತ್ತಿರಲಿಲ್ಲ, ಮಾತಿಗೆ ಮಾತ್ರ ತಾನೇ ಧಾರಾಳವಾಗಿ ಬೆರೆಸುತ್ತಿದ್ದಳು. ಸಂಜೆಯ ಹಾಲು ಅಳೆದು ಮುಗಿಯುವುದರೊಳಗೆ ಹುಳುವಿಗೆ ಸೊಪ್ಪು ಬೇಡ, ಔಷಧಿ ಬೇಡ, ಗೂಡು ತೆಂಗಿನಕಾಯಿ ಗಾತ್ರ ಎಂದಾಯಿತು. ಮಾರನೆಯ ದಿನದ ಹನೂರು ಬಸ್ಸಿನಲ್ಲಿ ಅದು ರಾಮಾಪುರದವರೆಗೂ ಹೋಯಿತು. ಅಲ್ಲಿ ಅದರ ನೂಲಿನಿಂದ ನೇಯ್ದ ಸೀರೆಯನ್ನು ಮೊಮ್ಮಗಳು ಉಟ್ಟರೂ ಹರಿಯುವುದಿಲ್ಲವೆಂದು ಸೇರಿಸಿದರು.

ಸೀರೆ ಎಂದ ಮೇಲೆ ಕೊಳ್ಳೇಗಾಲಕ್ಕೆ ಕೇಳಿಸದೆ ಇರುತ್ತದೆಯೇ? ಶಾಂತರಾಜು ಕಾರು ಮಾಡಿಕೊಂಡು, ಬುಟ್ಟಿ ಹಣ್ಣು ಹಿಡಿದುಕೊಂಡು ಬಂದ. ಬಂದವನು ಭಾವನ ಕಾಲಿಗೆ ಬಿದ್ದ. ಚಿನ್ನಸ್ವಾಮಿ ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡದ್ದರಿಂದ ನಮಸ್ಕಾರ ನೆಲಕ್ಕೆ ಸಂದಿತು.

“ಬಾವ, ಮೊದಲ್ನೇ ಗೂಡು ನಂಗೇ ಕೊಡ್ಬೇಕು. ನಿಮ್ ಬಾಯಲ್ಲಿ ಇಲ್ಲ ಅಂತ ಬರ್ಬಾರ್ದು.”

“ನೋಡಪ್ಪ, ಅದು ಏನಂತಂದ್ರೆ...”

“ಏನೂ ಏಳ್ಬೇಡಿ! ನಂಗೆ ಎಲ್ಲಾ ಗೊತ್ತು.” ಎಂದು ಜೇಬಿನಿಂದ ಹೊಸ ಪತ್ರಿಕೆ ತೆಗೆದ. ಅವನ ಹೊಸ ಮನೆಯ ಗೃಹಪ್ರವೇಶದ್ದು. ‘ಸುಖಾಗಮನ ಬಯಸುವವರು’ ಎಂಬಲ್ಲಿ ಎಲ್ಲರಿಗಿಂತ ಮೇಲೆ, ದಪ್ಪಕ್ಷರದಲ್ಲಿ: ‘ಶ್ರೀ ಚಿನ್ನಸ್ವಾಮಿಯವರು, ಪ್ರಗತಿಪರ ರೇಷ್ಮೆ ಕೃಷಿಕರು ಹಾಗೂ ನವತಳಿ ಸಂಶೋಧಕರು, ಬಂಡಳ್ಳಿ.’

ಚಿನ್ನಸ್ವಾಮಿ ಹೆಸರಿನ ಮೇಲೆ ಬೆರಳಾಡಿಸಿದ. ಅಚ್ಚು ಉಬ್ಬಿಕೊಂಡಿತ್ತು, ಕೈಗೆ ತಗಲುತ್ತಿತ್ತು. ಗಂಟಲಿನವರೆಗೆ ಬಂದಿದ್ದ ನಿಜ ಅಲ್ಲಿಂದಲೇ ವಾಪಸ್ಸು ಹೋಯಿತು.

ತಮ್ಮ ಹೋದ ಮೇಲೆ ಪುಟ್ಟಗೌರಮ್ಮ ಹಣ್ಣಿನ ಬುಟ್ಟಿ ಒಳಗಿಡುತ್ತಾ, “ಗೂಡು ಕೇಳ್ತಾನೆ, ಏನ್ ಕೊಟ್ಟೀರಿ? ನೀವೇ ಗೂಡು ಕಟ್ಕಂಡು ಒಳಗ ಕೂತ್ಕಳಿ” ಎಂದಳು.

ಮರುದಿನ ಬೆಳಗ್ಗೆ ಎಮ್ಮೆ ಹೊಡೆದುಕೊಂಡು ಕೆರೆಗೆ ಹೋದ ಚಿನ್ನಸ್ವಾಮಿಗೆ ದಾರಿಯಲ್ಲಿ ತಲೆ ಮೇಲೆ ಜೊಂಡಿನ ಹೊರೆ ಹೊತ್ತ ಹೆಂಗಸರು ಸಾಲಾಗಿ ಎದುರಾದರು. ಹಿಂದೆಯೇ ಮೊಪೆಡ್ಡಿನ ಮೇಲೆ ಜೊಂಡು ಹೇರಿಕೊಂಡು ರಾಮಾಪುರದವರು. ಕೆರೆಗೆ ಹೋಗಿ ನೋಡಿದರೆ ಕೋಡಿ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದವರ ತಲೆಯ ಹಾಗೆ ನುಣ್ಣಗಿತ್ತು. ಪಕ್ಕೆಯ ಹೂವೂ ಇಲ್ಲ, ತಲೆಯ ಹೂವೂ ಇಲ್ಲ. ಅಜ್ಜಂದಿರ ಕಾಲದಿಂದ ಹುಡುಕುತ್ತಿದ್ದ ಜೊಂಡು ಚಿನ್ನಸ್ವಾಮಿಯ ಒಂದು ಮಾತಿಗೆ ನೆಲಸಮವಾಗಿತ್ತು. ಉಳಿದದ್ದು ಹುಳುಮನೆಯ ಹಲಗೆಯ ನಡುವೆ ಇರುವಷ್ಟೇ. ಅದಕ್ಕೂ ಬೂಷ್ಟು ಬಂದಿದ್ದರೆ?

ಎಮ್ಮೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದ. ಅಂಗಳದಲ್ಲಿ ಊರೇ ಸೇರಿತ್ತು. ಮುಂದೆ ಗುರುಪಾದಸ್ವಾಮಿ, ಕೈಯಲ್ಲಿ ಒಂದು ಹುಳುವಿನ ತಟ್ಟೆ, ಕಂಕುಳಲ್ಲಿ ಜೊಂಡಿನ ಕಂತೆ.

“ಲೇ ಚಿನ್ನಸ್ವಾಮಿ! ನನ್ ಉಳ ಜೊಂಡು ಮೂಸೂ ನೋಡ್ನಿಲ್ಲ ಕಣ್ಲಾ. ತಲೆ ಎತ್ಕಂಡು ನನ್ನ ಮಕನೇ ನೋಡ್ತಾ ಅವೆ! ಒಂದು ತಟ್ಟೆಗೆ ಆಕಿದ್ದಕ್ಕೆ ಸರಿ ಓಯ್ತು. ಯಾವ ತಳಿ ಅಂತ ಏಳು, ಇಲ್ಲ ಬಾಗ್ಲು ತಗಿ!”

“ನಮ್ಮವು ಗ್ವಾಡೆ ಅತ್ಬುಟ್ಟೊ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಇಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಇಳಿದವರು ರೇಷ್ಮೆ ಇಲಾಖೆಯ ಸಾಹೇಬರು ಸದಾಶಿವಪ್ಪ. “ಯಾರ್ರೀ ಚಿನ್ನಸ್ವಾಮಿ? ಇಲಾಖೆಗೆ ತಿಳಿಸದೆ ಹೊಸ ತಳಿ ಸಾಕ್ತಿರೋದು ಯಾರು? ಮೊಟ್ಟೆ ಎಲ್ಲಿಂದ ಬಂತು?” ಅವರ ಹಿಂದೆ ಶಾಂತರಾಜುವಿನ ಕಾರು. ಕಾರಿನ ಹಿಂದೆ, ಹನೂರಿನ ಬಸ್ಸಿಳಿದು ಚೀಲ ಹೆಗಲಿಗೆ ಹಾಕಿಕೊಂಡು, ಜಾತ್ರೆಯಂಥ ಜನವನ್ನು ಬೆರಗಿನಿಂದ ನೋಡುತ್ತಾ ಆಶಾರಾಣಿ ಮೇಡಂ.

“ಇವರೆಲ್ಲ ಜೊಂಡು ನೋಡಕ್ಕೆ ಬಂದಿರೋದಾ?” ಎಂದು ಅವರು ಕೇಳಿದರು. ಪಾಪ, ಅವರ ಕೆಲಸಕ್ಕೆ ಅಷ್ಟು ಜನ ಸೇರಿದ್ದು ಅದೇ ಮೊದಲು.

ಚಿನ್ನಸ್ವಾಮಿ ಹೋಗಿ ಚಿಲಕ ತೆಗೆದ. ಅಷ್ಟು ಸಿಟ್ಟಿನಲ್ಲೂ ಜನ ರೂಢಿ ಬಿಡಲಿಲ್ಲ; ಎಲ್ಲರೂ ಚಪ್ಪಲಿ ಕಳಚಿದರು, ಸಾಹೇಬರು ಬೂಟು ಬಿಚ್ಚಿದರು, ಶಿವರತ್ನಮ್ಮ ಕೆಮ್ಮು ಬಂದದ್ದನ್ನು ಸೆರಗಿನಲ್ಲಿ ಅದುಮಿಕೊಂಡಳು. ಪುಟ್ಟಗೌರಮ್ಮ ರುಬ್ಬುಗುಂಡು ಇಳಿಸಿ, ಪಟ್ಟಿ ಸಡಿಲಿಸಿ, ಪೇಪರು ತೆರೆದಳು.

ಒಳಗೆ ಜೊಂಡು ಮಲಗಿತ್ತು.

ಗುರುಪಾದಸ್ವಾಮಿ ಬಗ್ಗಿ ನೋಡಿದರು. ಇನ್ನೊಂದು ಪೇಪರು ಎತ್ತಿ ನೋಡಿದರು. ಹಲಗೆಯ ಅಡಿಯಲ್ಲೂ ನೋಡಿದರು. “ಉಳ ಎಲ್ಲಿ?”

“ಉಳ ಇಲ್ಲ ಸ್ವಾಮ್ಯೋರೆ. ಯಾವತ್ತೂ ಇರ್ನಿಲ್ಲ. ನಾನು ಉಲ್ಲು ಒಣಗಿಸ್ತಿದ್ದೆ. ಉಳ ಅಂತ ನಾನು ಅಂದಿಲ್ಲ, ಅಲ್ಲ ಅಂತಾನೂ ಅನ್ನಿಲ್ಲ. ಅದೇ ತಪ್ಪಾಯ್ತು.”

ಶಾಂತರಾಜುವಿನ ಕಿವಿ ಕೆಂಪಾಗುತ್ತಾ ಬಂತು. “ಉಲ್ಲಾ? ಉಲ್ಲಿಗೋಸ್ಕರ ನಾನು ಪತ್ರಿಕೆ ಅಚ್ಚಾಕ್ಸಿದ್ನಾ?”

ಆಗ ಒಂದು ಸದ್ದು ಕೇಳಿಸಿತು. ಆಶಾರಾಣಿ ಮೇಡಂ ಮಂಡಿಯೂರಿ ಕೂತಿದ್ದರು. ಭೂತಗನ್ನಡಿ ಹಿಡಿದು ಹೂಗೊಂಚಲು ನೋಡುತ್ತಿದ್ದವರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯುವ ಹಾಗಿರಲಿಲ್ಲ.

“ಅದೇ ಕಣ್ರೀ! ಅದೇ ಇದು! ಬೇರಿದೆ, ಹೂವಿದೆ, ಹಸಿರು ಕೂಡ ಮಾಸಿಲ್ಲ. ಒಂದು ಚುಕ್ಕೆ ಬೂಷ್ಟಿಲ್ಲ. ಈ ಮಳೇಲಿ ನಾವು ಒಣಗಿಸಿದ್ದರಲ್ಲಿ ಅರ್ಧ ಕೆಟ್ಟೋಗಿದೆ. ಇದನ್ನ ಹೇಗೆ ಒಣಗಿಸಿದ್ರಿ?”

“ಉಳ ಸಾಕ್ದಂಗೆ” ಎಂದಳು ಪುಟ್ಟಗೌರಮ್ಮ.

“ಆದ್ರೆ ಮೇಡಮ್ಮೋರೆ, ಕೋಡಿ ಪೂರ್ತಾ ಕುಯ್ದಾಕ್ಬುಟ್ರು. ನನ್ನಿಂದಾನೇ” ಎಂದು ಚಿನ್ನಸ್ವಾಮಿ ತಲೆ ತಗ್ಗಿಸಿದ.

“ಬುಡದಲ್ಲಿ ಕುಯ್ದಿದಾರಾ, ಬೇರು ಕಿತ್ತಿದಾರಾ?”

“ಬೇರು ಕೀಳೋಷ್ಟು ಪುರುಸೊತ್ತು ಯಾರಿಗದ?” ಎಂದಳು ಶಿವರತ್ನಮ್ಮ.

“ಹಾಗಾದ್ರೆ ಮತ್ತೆ ಚಿಗುರುತ್ತೆ ಬಿಡಿ. ನೀವೇ ಹೇಳಿರಲಿಲ್ವಾ, ವರ್ಷಾ ವರ್ಷಾ ಕುಯ್ದರೂ ಹೋಗಲ್ಲ ಅಂತ?” ಎಂದ ಮೇಡಮ್ಮನ ಕಣ್ಣು ಅಷ್ಟರಲ್ಲಿ ಗುರುಪಾದಸ್ವಾಮಿಯ ಕಂಕುಳಿಗೆ ಬಿತ್ತು. “ಇದೆಲ್ಲಿ ಸಿಕ್ತು? ಇದು ಕೋಡೀದಲ್ಲ. ಇದು ಬೇರೆ ಜಾತಿ.”

ಗುರುಪಾದಸ್ವಾಮಿ ಕಂತೆಯನ್ನು ಎಸೆಯುವುದರಲ್ಲಿದ್ದವರು ಎದೆಗೆ ಅವುಚಿಕೊಂಡರು. “ನಮ್ಮ ಗದ್ದೆ ಕಾಲ್ವೇದು. ನಮ್ಮಪ್ಪನ ಕಾಲದ್ದು” ಎಂದರು, ಅಪ್ಪನೇ ನೀರು ಹೊಯ್ದು ಬೆಳೆಸಿದ ಹಾಗೆ.

“ಇದಕ್ಕೂ ಹಾಳೆ ಮಾಡೋಣ. ನಿಮ್ಮ ಹೆಸರು?”

ಜಗಳಕ್ಕೆಂದು ಬಂದ ಜನ ಸಾಲಾಗಿ ನಿಂತದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಹುಳುವಿಗೆ ತಿನ್ನಿಸಲು ತಂದಿದ್ದ ಜೊಂಡೆಲ್ಲ ಚಾಪೆಯ ಮೇಲೆ ಬಂತು. ರಾಮಾಪುರದ ಹಳ್ಳದ್ದು, ಹನೂರಿನ ಕಟ್ಟೆಯದ್ದು, ಶಿವರತ್ನಮ್ಮನ ಕೊಟ್ಟಿಗೆಯ ಹಿಂದಿನ ಹೊಂಡದ್ದು. ಒಬ್ಬರೇ ತಿರುಗಿದ್ದರೆ ಒಂದು ಹಂಗಾಮು ಹಿಡಿಯುತ್ತಿದ್ದ ಕೆಲಸ ಅಂಗಳಕ್ಕೇ ನಡೆದು ಬಂದಿತ್ತು. ಸದಾಶಿವಪ್ಪನವರೂ ಜೀಪಿನ ಬಂಪರಿಗೆ ಸಿಕ್ಕಿಕೊಂಡಿದ್ದ ಒಂದೆಳೆ ಜೊಂಡು ಬಿಡಿಸಿ ತಂದು ಸಾಲಿನ ಕೊನೆಯಲ್ಲಿ ನಿಂತರು.

“ಇದೆಲ್ಲಿ ಬೆಳೆದದ್ದು ಸಾರ್?” ಎಂದರು ಮೇಡಂ.

“ಅದು... ತಾಲೂಕಿನಲ್ಲೇ ಎಲ್ಲೋ.”

“ಎಲ್ಲಿ ಬೆಳೆದದ್ದು ಗೊತ್ತಿಲ್ಲದ್ದು ನಮಗೆ ಕಸ ಸಾರ್.”

“ಅರ್ಜಿ ವಜಾ ಆಯ್ತಾ ಸಾ?” ಎಂದು ಗುರುಪಾದಸ್ವಾಮಿ ಕೇಳಿದಾಗ ಸಾಹೇಬರೇ ಮೊದಲು ನಕ್ಕದ್ದರಿಂದ ಉಳಿದವರೂ ನಗಬಹುದೆಂದಾಯಿತು.

ಶಾಂತರಾಜು ಮಾತ್ರ ನಗಲಿಲ್ಲ. ಹಂಚದೆ ಉಳಿದ ಪತ್ರಿಕೆಗಳ ಕಟ್ಟಿನ ಸಮೇತ ಕಾರು ಹತ್ತಿದ. ಗೃಹಪ್ರವೇಶಕ್ಕೆ ಬಂದವರು ಆಮೇಲೆ ಹೇಳಿದರು, ‘ಶ್ರೀ ಚಿನ್ನಸ್ವಾಮಿಯವರು’ ಎಂದಿದ್ದ ಕಡೆ ಒಂದು ಬಣ್ಣದ ಚೀಟಿ ಅಂಟಿಸಿತ್ತಂತೆ. ಚೀಟಿಯಲ್ಲಿ ಇದ್ದದ್ದು ಗಿಣಿ.

ಹಾಳೆ ಸಿದ್ಧವಾಗಿದೆ, ಬಂದು ನೋಡಿ ಎಂದು ಆಶಾರಾಣಿ ಮೇಡಂ ಫೋನು ಮಾಡಿದ್ದು ಸಂಕ್ರಾಂತಿ ಕಳೆದ ಮೇಲೆ. ಚಿನ್ನಸ್ವಾಮಿ ಇಸ್ತ್ರಿ ಅಂಗಿ ತೊಟ್ಟ. ಪುಟ್ಟಗೌರಮ್ಮ ಮದುವೆಯ ಸೀರೆ ಉಟ್ಟಳು. ಗುರುಪಾದಸ್ವಾಮಿ, ಶಿವರತ್ನಮ್ಮ ಎಲ್ಲ ಸೇರಿ ಬಸ್ಸು ಹತ್ತಿದರು. ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸುವಾಗ ಶಾಂತರಾಜುವೂ ಬಂದು ಸೇರಿಕೊಂಡ. ಸಿಟ್ಟಿತ್ತು, ಕುತೂಹಲ ಅದಕ್ಕಿಂತ ಹೆಚ್ಚಿತ್ತು.

ಯಳಂದೂರಿನ ಕಚೇರಿಯ ಒಳಕೋಣೆಯ ಬಾಗಿಲಲ್ಲಿ ಒಬ್ಬರು ತಡೆದರು. “ಚಪ್ಪಲಿ ಹೊರಗೆ ಬಿಡಿ. ಕೈ ಒರೆಸಿಕೊಳ್ಳಿ. ಹೂವು, ತಿಂಡಿ ಒಳಗೆ ತರಬೇಡಿ. ಬಾಗಿಲು ತಕ್ಷಣ ಮುಚ್ಚಬೇಕು.”

ಚಿನ್ನಸ್ವಾಮಿ ಹಿಂದಕ್ಕೆ ತಿರುಗಿ ತನ್ನ ದಂಡನ್ನು ನೋಡಿದ. ಅವನ ಮುಖ ದೀಪ ಹಚ್ಚಿದ ಹಾಗಿತ್ತು. “ನೋಡುದ್ರಾ? ನೋಡುದ್ರಾ ಸ್ವಾಮ್ಯೋರೆ? ಇದೂ ಉಳುಮನೇನೇಯ!”

“ಯಾಕ್ ಸಾ ಇಷ್ಟೊಂದು ನೇಮ?” ಎಂದು ಗುರುಪಾದಸ್ವಾಮಿ ಕೇಳಿದರು.

“ಹುಳ ಬೀಳಬಾರದು ಅಂತ. ಒಂದು ಹುಳ ಹೊಕ್ಕರೂ ಹಾಳೆಯೆಲ್ಲ ತಿಂದುಹಾಕುತ್ತೆ.”

“ಅಂಗಾದ್ರೆ ಜೊಂಡು ತಿನ್ನೋ ಉಳ ಅದೆ ಅಂತಾಯ್ತಲ್ಲ” ಎಂದು ಗುರುಪಾದಸ್ವಾಮಿ ಬಹಳ ಸಮಾಧಾನದಿಂದ ತಲೆಯಾಡಿಸಿದರು.

ಮೇಡಂ ಬೀರುವಿನಿಂದ ಮೊದಲು ಹಳೆಯ ಹಾಳೆ ತೆಗೆದರು, ಕಂದುಬಣ್ಣಕ್ಕೆ ತಿರುಗಿದ್ದು. ಅದರ ಪಕ್ಕದಲ್ಲಿ ಹೊಸದನ್ನು ಇಟ್ಟರು. ಉದ್ದದ ಜೊಂಡನ್ನು ಮಡಚಿ, ಬಿಳಿ ದಾರದಲ್ಲಿ ಹೊಲಿದಿದ್ದರು. ಪಕ್ಕೆಯ ಹೂಗೊಂಚಲು ಹಾಗೇ ಇತ್ತು. ಕೆಳಮೂಲೆಯಲ್ಲಿ ಅಚ್ಚಾದ ಚೀಟಿ: ‘ಬಂಡಳ್ಳಿ, ಹನೂರು ತಾಲೂಕು. ಕೆರೆ ಕೋಡಿ. ಸಂಗ್ರಹಿಸಿದವರು: ಚಿನ್ನಸ್ವಾಮಿ, ಪುಟ್ಟಗೌರಮ್ಮ.’

ಪುಟ್ಟಗೌರಮ್ಮ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ತನ್ನ ಹೆಸರು ಬಂದಲ್ಲಿ ನಿಂತಳು. “ನನ್ನದ್ಯಾಕೆ ಆಕ್ಸಿದ್ರಿ?”

“ಪೇಪರ್ ಬದ್ಲಾಯ್ಸಿದ್ದು ನೀನಲ್ವಾ?” ಎಂದ ಚಿನ್ನಸ್ವಾಮಿ, ಹಾಳೆಯಿಂದ ಕಣ್ಣು ತೆಗೆಯದೆ. “ಫೋನ್‌ನಲ್ಲಿ ಕೇಳುದ್ರು. ಏಳ್ದೆ.”

ಆ ಸಂಜೆ ಪುಟ್ಟಗೌರಮ್ಮ ಮನೆಗೆ ಹೋದವಳೇ ಕೇರಿಯೆಲ್ಲ ಸೀನುವಂಥ ಒಗ್ಗರಣೆ ಹಾಕಿದಳು.

ಶಾಂತರಾಜು ಹಾಳೆಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಚೀಟಿಯನ್ನು ಎರಡೆರಡು ಸಲ ಓದಿದ. ಜೊಂಡೆಂದರೆ ತೆಳ್ಳನೆಯ ಗಿಡ; ಮೇಲೆ, ಕೆಳಗೆ, ಎರಡೂ ಪಕ್ಕದಲ್ಲಿ ಕಾಗದ ಅಂಗಳದ ಹಾಗೆ ಬಿಳಿಯಾಗಿ ಹರಡಿತ್ತು. ಕೊನೆಗೆ ಭಾವನ ಕಿವಿಯ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ: “ಬಾವ, ಒಂದು ಮೂಲೇಲಿ ನಂದೂ ಒಂದು ಎಸ್ರು ಆಕ್ಸಬೋದಾಗಿತ್ತಲ್ವಾ?”

ಚಿನ್ನಸ್ವಾಮಿ ಆ ಬಿಳಿ ಹಾಳೆಯನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಸಾವಕಾಶವಾಗಿ ಅಳೆದು ನೋಡಿದ. ಆಮೇಲೆ ಭಾಮೈದನ ಹೆಗಲ ಮೇಲೆ ಕೈಯಿಟ್ಟು, ಬಲು ಅ‍ಕ್ಕರೆಯಿಂದ ಹೇಳಿದ:

“ಜಾಗ ಸಾಲ್ನಿಲ್ಲ ಕಣಪ್ಪ.”